ಸ್ಕೂಲ್ ಗವರ್ನರ್ ಆಗಲಾ, ಬೇಡ್ವಾ? ಕ್ಲರ್ಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇಂಗ್ಲೆಂಡಿನ ಶಾಲೆಗಳಿಂದ ಪೇರೆಂಟ್ ಗವರ್ನರ್ (ಶಾಲೆಯ ಆಡಳಿತ ಮಂಡಳಿಗೆ ಪೋಷಕರು ಆರಿಸುವ ಸದಸ್ಯರು) ಚುನಾವಣೆಯ ಚೀಟಿ ಬಂದಿದೆ ಅಂತ ಗುಂಪಿನಲ್ಲಿ ದಿನಕ್ಕೊಬ್ಬರು ಕೇಳುತ್ತಿದ್ದೀರಿ. ನಮ್ಮವರೇ ಒಬ್ಬರು, ಶಿರಸಿ ಕಡೆಯವರು, ಮಿಡ್‌ಲ್ಯಾಂಡ್ಸ್‌ನ ಕೆಲವು ಪ್ರೈಮರಿ ಶಾಲೆಗಳ ಗವರ್ನಿಂಗ್ ಬಾಡಿಗೆ, ಅಂದರೆ ಆ ಮಂಡಳಿಗೆ, ಕ್ಲರ್ಕ್ ಆಗಿದ್ದಾರೆ. ಮೀಟಿಂಗ್ ಕರೆಯೋದು, ಮಿನಿಟ್ಸ್ (ನಡಾವಳಿ) ಬರೆಯೋದು, ನಿಯಮ ತಪ್ಪಿದರೆ ಎಚ್ಚರಿಸೋದು ಅವರ ಕೆಲಸ. ಕೇಳಿ.

ಪ್ರಶ್ನೆ (ಲೆಸ್ಟರ್, ಇಯರ್ 1 ಹುಡುಗನ ಅಮ್ಮ): ಅಕ್ಕಾ, ಮಗನ ಬ್ಯಾಗಿನಲ್ಲಿ ಆ ಚೀಟಿ ಸಿಕ್ಕಿತು, ಬಾಳೆಹಣ್ಣಿನ ಕಲೆ ಸಮೇತ. ನಿಲ್ಲೋಣ ಅನ್ನಿಸುತ್ತದೆ. ಆದರೆ ನಾನಿರೋದು ಡಿಪೆಂಡೆಂಟ್ ವೀಸಾದಲ್ಲಿ. ಇಂಗ್ಲಿಷ್ ಅರ್ಥವಾಗುತ್ತದೆ, ಪಟಪಟ ಮಾತಾಡಲು ಬರುವುದಿಲ್ಲ. ಏನು ಕೆಲಸ ಅದು? ಸಂಬಳ ಇದೆಯಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಸಂಬಳ ಇಲ್ಲ. ಬಸ್ ಖರ್ಚು, ಮೀಟಿಂಗ್ ಹೊತ್ತಿಗೆ ಮಗುವನ್ನು ನೋಡಿಕೊಂಡವರಿಗೆ ಕೊಟ್ಟ ದುಡ್ಡು, ಇಂಥದ್ದನ್ನು ಶಾಲೆಯ ನಿಯಮದಲ್ಲಿದ್ದರೆ ರಸೀದಿ ಕೊಟ್ಟು ಕೇಳಬಹುದು. ಕೆಲಸ ಬಿಟ್ಟು ಬಂದದ್ದಕ್ಕೆ ಹೋದ ಸಂಬಳ ಮಾತ್ರ ಯಾರೂ ಕಟ್ಟಿಕೊಡುವುದಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. 18 ತುಂಬಿರಬೇಕು, ಮಗು ಆ ಶಾಲೆಯಲ್ಲಿರಬೇಕು. ಆಯ್ಕೆಯಾದ ಮೇಲೆ ಡಿಬಿಎಸ್ ಅಂತ ಪೊಲೀಸ್ ದಾಖಲೆ ನೋಡುತ್ತಾರೆ.

ಕೌನ್ಸಿಲ್ (ಸ್ಥಳೀಯ ಆಡಳಿತ) ಕೈಕೆಳಗಿನ ಶಾಲೆಯಲ್ಲಿ ಗವರ್ನರ್‌ಗಳು ಕನಿಷ್ಠ 7 ಜನ. ಅವರಲ್ಲಿ ಪೋಷಕರು ಕನಿಷ್ಠ 2. ಜೊತೆಗೆ ಹೆಡ್ ಟೀಚರ್, ಸಿಬ್ಬಂದಿಯಿಂದ ಒಬ್ಬರು, ಕೌನ್ಸಿಲ್ ಕಡೆಯಿಂದ ಒಬ್ಬರು. ಉಳಿದವರು ಯಾರಾದರೂ ಆಗಬಹುದು. ನನ್ನ ಒಂದು ಶಾಲೆಯಲ್ಲಿ ನಿವೃತ್ತ ನರ್ಸ್ ಇದ್ದಾರೆ, ಇನ್ನೊಂದರಲ್ಲಿ ಕಟ್ಟಡ ಕಂಟ್ರಾಕ್ಟರ್. ಅವಧಿ ಸಾಮಾನ್ಯವಾಗಿ 4 ವರ್ಷ. ಮೀಟಿಂಗ್ ವರ್ಷಕ್ಕೆ ಕನಿಷ್ಠ 3 ಆಗಲೇಬೇಕು, ಆಗುವುದು ಅದಕ್ಕಿಂತ ಜಾಸ್ತಿ. ಮಾಡಬೇಕಾದ್ದು ಮೂರು: ಶಾಲೆ ಯಾವ ದಾರಿಯಲ್ಲಿ ಹೋಗಬೇಕು ಅಂತ ತೀರ್ಮಾನಿಸೋದು, ಮಕ್ಕಳು ನಿಜವಾಗಿ ಕಲಿಯುತ್ತಿದ್ದಾರಾ ಅಂತ ಹೆಡ್‌ರನ್ನು ಕೇಳೋದು, ದುಡ್ಡಿನ ಲೆಕ್ಕ ನೋಡೋದು.

ಇಂಗ್ಲಿಷ್ ಬಗ್ಗೆ ಭಯ ಬೇಡ. ಅಜೆಂಡಾ, ವರದಿ ಎಲ್ಲ ಮೀಟಿಂಗ್‌ಗೆ 7 ದಿನ ಮೊದಲೇ ನಿಮ್ಮ ಕೈಸೇರಬೇಕು. ಕಳಿಸುವವಳು ನಾನೇ. ಅಡಿಗೆಮನೆ ಮೇಜಿನ ಮೇಲೆ ಹರಡಿಕೊಂಡು, ಪೆನ್ಸಿಲ್ ಹಿಡಿದು ಓದಿ, ಎರಡು ಪ್ರಶ್ನೆ ಬರೆದುಕೊಂಡು ಬಂದರೆ ಆಯಿತು. ಚೆನ್ನಾಗಿ ಮಾತಾಡುವವರು ಲಕೋಟೆಯನ್ನೇ ಒಡೆಯದೆ ಬಂದು ಕೂರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ (ರೀಡಿಂಗ್, ಇಬ್ಬರು ಹೆಣ್ಣುಮಕ್ಕಳ ಅಪ್ಪ): ಮೇಡಂ, ಸ್ವಲ್ಪ ಸಿಟ್ಟಿನಲ್ಲೇ ಕೇಳುತ್ತಿದ್ದೇನೆ. ದೊಡ್ಡವಳಿಗೆ ಟೀಚರ್ ಒಬ್ಬರಿಂದ ತೊಂದರೆಯಾಗಿತ್ತು. ಗೇಟಿನ ಹತ್ತಿರ ಪೇರೆಂಟ್ ಗವರ್ನರ್ ಸಿಕ್ಕರು, ಹೇಳಲು ಹೋದೆ. ಅರ್ಧಕ್ಕೇ ತಡೆದು 'ದಯವಿಟ್ಟು ಹೆಸರು ಹೇಳಬೇಡಿ, ಕ್ಲಾಸ್ ಟೀಚರ್ ಹತ್ತಿರ ಮಾತಾಡಿ' ಅಂದರು. ನಾವು ಓಟು ಹಾಕಿ ಕಳಿಸಿದ್ದು ಇದಕ್ಕಾ?

ಉತ್ತರ: ಸಿಟ್ಟು ಬರುವಂಥದ್ದೇ ಸರ್. ಆದರೆ ಅವರು ನಿಮ್ಮ ಬಾಗಿಲು ಮುಚ್ಚಲಿಲ್ಲ, ಉಳಿಸಿದರು.

ಪ್ರತಿ ಶಾಲೆಗೂ ದೂರಿನ ಕ್ರಮ ಅಂತ ಒಂದಿರಬೇಕು, ಅದನ್ನು ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಬೇಕು. 2002ರ ಶಿಕ್ಷಣ ಕಾಯ್ದೆಯಲ್ಲೇ ಇದೆ. ಸಾಮಾನ್ಯವಾಗಿ ಮೊದಲು ಟೀಚರ್, ಆಮೇಲೆ ಹೆಡ್, ಅಲ್ಲೂ ಬಗೆಹರಿಯದಿದ್ದರೆ ಗವರ್ನರ್‌ಗಳ ಪ್ಯಾನೆಲ್. ಆ ಪ್ಯಾನೆಲ್‌ನಲ್ಲಿ ಕೂರುವವರಿಗೆ ವಿಷಯ ಮೊದಲೇ ಗೊತ್ತಿರಬಾರದು. ಗೇಟಿನಲ್ಲಿ ಪೂರ್ತಿ ಕೇಳಿಸಿಕೊಂಡ ಗವರ್ನರ್ ನಾಳೆ ನಿಮ್ಮ ಪ್ಯಾನೆಲ್‌ಗೆ ಕೆಲಸಕ್ಕೆ ಬಾರದವರಾಗುತ್ತಾರೆ. ಇರುವುದೇ ಹತ್ತು ಹನ್ನೆರಡು ಜನ. ಮೂರ್ನಾಲ್ಕು ಜನರಿಗೆ ಹೇಳಿಬಿಟ್ಟಿರಿ ಅಂದರೆ, ಕಡೆಗೆ ಪ್ಯಾನೆಲ್‌ಗೆ ಜನ ಹುಡುಕಲು ನಾನು ಬೇರೆ ಶಾಲೆಗಳಿಗೆ ಫೋನ್ ಮಾಡುತ್ತಾ ಕೂರಬೇಕು. ಮಗುವನ್ನು ಶಾಲೆಯಿಂದ ಶಾಶ್ವತವಾಗಿ ಹೊರಗೆ ಹಾಕಿದಾಗಲೂ ಹೀಗೇ. 15 ಶಾಲಾ ದಿನದೊಳಗೆ ಗವರ್ನರ್‌ಗಳು ಕೂತು, ಹೆಡ್ ಮಾಡಿದ್ದು ಸರಿಯಾ, ಮಗುವನ್ನು ವಾಪಸ್ ಸೇರಿಸಬೇಕಾ ಅಂತ ನೋಡಬೇಕು. ಅಲ್ಲಿ ಯಾರ ಕಿವಿಗೂ ಕಥೆ ಮೊದಲೇ ಬಿದ್ದಿರಬಾರದು.

ಇನ್ನೊಂದು ವಿಷಯ. ಪೇರೆಂಟ್ ಗವರ್ನರ್ ನಮ್ಮೂರಿನ ಎಂಎಲ್‌ಎ ಥರ ಅಲ್ಲ. ನೀವು ಓಟು ಹಾಕಿದರೂ ಅವರು ನಿಮ್ಮ ಪರವಾಗಿ ವಕಾಲತ್ತು ವಹಿಸುವವರಲ್ಲ. ಪೋಷಕರಲ್ಲಿ ಒಬ್ಬರು ಅಲ್ಲಿ ಕೂತಿರುತ್ತಾರೆ, ಪೋಷಕರ ಕಣ್ಣಿನಿಂದ ನೋಡುತ್ತಾರೆ, ಕೈ ಎತ್ತುವಾಗ ತಮಗೆ ಸರಿ ಕಂಡ ಕಡೆ ಎತ್ತುತ್ತಾರೆ. ಇದು ನನಗೂ ಒಗ್ಗಲು ಒಂದು ವರ್ಷ ಹಿಡಿಯಿತು.

ಪ್ರಶ್ನೆ (ಅದೇ ಅಪ್ಪ): ಸರಿ, ಒಪ್ಪಿದೆ. ಆದರೆ ಯಾರ ದೂರನ್ನೂ ಕೇಳಬಾರದು ಅಂದರೆ ಪೋಷಕರ ಜೊತೆ ಅವರಿಗೆ ಸಂಬಂಧವಾದರೂ ಏನು?

ಉತ್ತರ: ಒಳ್ಳೆ ಪ್ರಶ್ನೆ. ನಿಜವಾಗಿ ನಡೆದದ್ದನ್ನೇ ಹೇಳುತ್ತೇನೆ, ಶಾಲೆ ಯಾವುದು ಅಂತ ಕೇಳಬೇಡಿ.

ಇಲ್ಲಿ ರಿಸೆಪ್ಷನ್ (ಇಯರ್ 1ಕ್ಕಿಂತ ಹಿಂದಿನ ತರಗತಿ), ಇಯರ್ 1, ಇಯರ್ 2 ಮಕ್ಕಳಿಗೆಲ್ಲ ಮಧ್ಯಾಹ್ನದ ಊಟ ಉಚಿತ. 2014ರ ಸೆಪ್ಟೆಂಬರಿನಿಂದ ಹಾಗಿದೆ. ಆ ಶಾಲೆಯಲ್ಲಿ ಗುಜರಾತಿ, ತಮಿಳು, ನಮ್ಮವರು ಸೇರಿ ಸಸ್ಯಾಹಾರಿ ಮನೆಗಳು ತುಂಬ. ಶುಕ್ರವಾರ ವೆಜಿಟೇರಿಯನ್ ಊಟದ ಜೊತೆ ಜೆಲ್ಲಿ ಕೊಡುತ್ತಿದ್ದರು. ಒಬ್ಬ ಅಮ್ಮ ಡಬ್ಬದ ಮೇಲೆ ಓದಿದರೆ ಜೆಲಾಟಿನ್. ಪ್ರಾಣಿಯ ಮೂಳೆ ಚರ್ಮದಿಂದ ತೆಗೆಯುವಂಥದ್ದು. ಕ್ಲಾಸಿನ ವಾಟ್ಸಾಪ್‌ನಲ್ಲಿ ರಾತ್ರಿಯಿಡೀ ಜಗಳ. 'ಗವರ್ನರ್ ಏನು ಮಾಡುತ್ತಿದ್ದೀರಿ?' ಅಂತ ಕೊನೆಗೆ ಎಲ್ಲರ ಬೆರಳು ಒಬ್ಬರ ಕಡೆ.

ಆ ಗವರ್ನರ್, ಅವರೂ ಒಬ್ಬ ತಾಯಿ, ವಾಟ್ಸಾಪ್‌ನಲ್ಲಿ ಒಂದೇ ಸಾಲು ಬರೆದರು: 'ಅಡುಗೆಯವರಿಗೆ ಈಗಲೇ ತಿಳಿಸಬೇಕಾದ್ದನ್ನು ಆಫೀಸಿಗೆ ಬೆಳಿಗ್ಗೆಯೇ ಇಮೇಲ್ ಮಾಡಿ.' ಜೆಲ್ಲಿ ಮುಂದಿನ ಶುಕ್ರವಾರಕ್ಕೇ ನಿಂತಿತು, ಅದಕ್ಕೆ ಗವರ್ನರ್ ಬೇಕಾಗಲೇ ಇಲ್ಲ. ಆದರೆ ಮುಂದಿನ ಮೀಟಿಂಗ್‌ನಲ್ಲಿ ಇವರು ಹೆಡ್‌ರನ್ನು ಕೇಳಿದರು: 'ಉಚಿತ ಊಟಕ್ಕೆ ಅರ್ಹರಾಗಿದ್ದೂ ಎಷ್ಟು ಮಕ್ಕಳು ಮನೆಯಿಂದ ಡಬ್ಬಿ ತರುತ್ತಾರೆ? ಯಾಕೆ ಅಂತ ಯಾರಾದರೂ ಅವರನ್ನು ಕೇಳಿದ್ದೀವಾ?' ಕೋಣೆ ಸುಮ್ಮನಾಯಿತು. ಲೆಕ್ಕವೇ ಇರಲಿಲ್ಲ. ಶಾಲೆಯ ಊಟ ಸರ್ಕಾರದ ಮಟ್ಟಕ್ಕೆ ತಕ್ಕ ಹಾಗಿದೆಯಾ ಅಂತ ನೋಡುವ ಹೊಣೆ ಗವರ್ನರ್‌ಗಳದ್ದೇ, ಹಾಗಾಗಿ ತೇಲಿಸಿಬಿಡುವ ಹಾಗಿರಲಿಲ್ಲ. ನಾನು ಮಿನಿಟ್ಸ್‌ನಲ್ಲಿ ಬರೆದೆ. ಮುಂದಿನ ಟರ್ಮ್‌ಗೆ ಲೆಕ್ಕ ಬಂತು, ಅದರ ಹಿಂದೆಯೇ ಪೋಷಕರಿಗೆ ಊಟದ ರುಚಿ ನೋಡುವ ಸಂಜೆ ಒಂದನ್ನು ಇಟ್ಟರು. ಪನೀರ್ ಸ್ವಲ್ಪ ರಬ್ಬರ್ ಥರ ಇತ್ತು, ಅದು ಬೇರೆ ಮಾತು.

ನೋಡಿ, ಒಬ್ಬರ ಮಗುವಿನ ದೂರು ಆಫೀಸಿಗೆ ಹೋಯಿತು. ಎಲ್ಲರಿಗೂ ಸೇರಿದ ಪ್ರಶ್ನೆ ಮೀಟಿಂಗ್‌ಗೆ ಬಂತು. ಯೂನಿಫಾರ್ಮ್ ವಿಷಯಕ್ಕೂ ಇದೇ ದಾರಿ. 2021ರ ಕಾನೂನು ಬಂದ ಮೇಲೆ ಲೋಗೋ ಇರುವ ಬಟ್ಟೆ ಆದಷ್ಟು ಕಡಿಮೆ ಇರಬೇಕು, ಸೆಕೆಂಡ್ ಹ್ಯಾಂಡ್ ಸಿಗುವ ಹಾಗೆ ನೋಡಿಕೊಳ್ಳಬೇಕು ಅಂತ ಸರ್ಕಾರದ ಕಡ್ಡಾಯ ಸೂಚನೆ ಇದೆ. 'ನನ್ನ ಮಗನ ಸ್ವೆಟರ್ ದುಬಾರಿ' ಅನ್ನಬೇಡಿ. 'ನಮ್ಮ ಪಟ್ಟಿಯಲ್ಲಿ ಲೋಗೋ ಇರುವುದು ಎಷ್ಟು, ಯಾಕೆ ಬೇಕು?' ಅಂತ ಕೇಳಲಿ ನಿಮ್ಮ ಗವರ್ನರ್.

ಪ್ರಶ್ನೆ (ಬ್ರಿಸ್ಟಲ್): ಒಳಗೆ ಏನು ಮಾತಾಡಿದರು ಅಂತ ನಮಗೆ ಗೊತ್ತಾಗೋದು ಹೇಗೆ? ನಮ್ಮ ಗವರ್ನರ್ ಬಾಯಿ ಬಿಡುವುದೇ ಇಲ್ಲ.

ಉತ್ತರ: ಮಿನಿಟ್ಸ್ ಕೇಳಿ! ಒಪ್ಪಿಗೆಯಾಗಿ ಅಧ್ಯಕ್ಷರ ಸಹಿ ಬಿದ್ದ ಮೇಲೆ ಯಾರು ಕೇಳಿದರೂ ನೋಡಲು ಕೊಡಬೇಕು. ಒಂದು ಮಗು, ಒಬ್ಬ ಟೀಚರ್ ಹೆಸರಿನ ವಿಷಯ ಮಾತ್ರ ಬೇರೆ ಹಾಳೆಯಲ್ಲಿ ಗುಟ್ಟಾಗಿ ಇರುತ್ತದೆ. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಮಿನಿಟ್ಸ್ ಕೇಳಿ ಬಂದ ಪೋಷಕರು ಮೂವರು. ನಿದ್ದೆಗೆಟ್ಟು ಬರೆದವಳ ಸಂಕಟ ಅಂತ ಬೇಕಾದರೆ ಅಂದುಕೊಳ್ಳಿ.

ಬಾಯಿ ಬಿಡದಿರುವುದಕ್ಕೆ ಕಾರಣ ಇದೆ. ಒಬ್ಬರು ಹೊಸಬರು ಮೀಟಿಂಗ್ ಮುಗಿದ ರಾತ್ರಿಯೇ 'ಮುಂದಿನ ವರ್ಷ ಎರಡು ಕ್ಲಾಸ್ ಒಂದು ಮಾಡುತ್ತಾರಂತೆ' ಅಂತ ವಾಟ್ಸಾಪ್‌ನಲ್ಲಿ ಹಾಕಿಬಿಟ್ಟರು. ಅದಿನ್ನೂ ಚರ್ಚೆಯಷ್ಟೇ ಆಗಿತ್ತು. ಬೆಳಿಗ್ಗೆ ಟೀಚರ್ ಒಬ್ಬರಿಗೆ ತಮ್ಮ ಕೆಲಸದ ಸುದ್ದಿ ಗೇಟಿನಲ್ಲಿ ಪೋಷಕರಿಂದ ತಿಳಿಯಿತು. ಗುಟ್ಟು ಬಿಟ್ಟವರನ್ನು 6 ತಿಂಗಳವರೆಗೆ ಅಮಾನತು ಮಾಡಬಹುದು. ಅವರನ್ನು ಮಾಡಲಿಲ್ಲ. ತಾವೇ ಬಿಟ್ಟುಹೋದರು.

ಪ್ರಶ್ನೆ (ಸ್ಲೌ, ಊರು ಗದಗ ಕಡೆ): ನಮ್ಮವ್ವ ಊರಾಗ ಎಸ್‌ಡಿಎಂಸಿ (ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿ) ಸದಸ್ಯೆ ಆಗಿದ್ರು. ಇದೂ ಅದೂ ಒಂದೇ ಏನ್ರೀ?

ಉತ್ತರ: ಅಣ್ಣತಮ್ಮಂದಿರು, ಆದರೆ ಸ್ವಭಾವ ಬೇರೆ. ಎಸ್‌ಡಿಎಂಸಿ ಕರ್ನಾಟಕದಲ್ಲಿ 2001ರಲ್ಲಿ ಬಂತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು, ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಹೇಳಿತು. ಇಲ್ಲಿ ಪೋಷಕರು ಇಬ್ಬರಿದ್ದರೂ ಕಾನೂನಿಗೆ ಸಾಕು. ಲೆಕ್ಕದಲ್ಲಿ ನಮ್ಮೂರೇ ಮೇಲು. ಇಲ್ಲಿ ಗಟ್ಟಿ ಇರುವುದು ಕಾಗದ: 7 ದಿನದ ನೋಟಿಸು, ಅರ್ಧ ಜನರ ಕೋರಂ, ಮಿನಿಟ್ಸ್. ನಮ್ಮ ಊರಿನ ಶಾಲೆಯಲ್ಲಿ ನಡಾವಳಿ ಪುಸ್ತಕ ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಿತ್ತು. ಆಯಿ ಬೆಲ್ಲ ಕಾಸುತ್ತಾ ಒಲೆ ಮುಂದೆ ಕೂತೇ ಸಹಿ ಹಾಕಿದ್ದು ನೆನಪಿದೆ. ನಿಮ್ಮವ್ವ ಮೀಟಿಂಗ್‌ನಾಗ ಏನು ಕೇಳ್ತಿದ್ರು, ಅದನ್ನ ಬರೀರಿ ಇಲ್ಲಿ.

ಪ್ರಶ್ನೆ (ಗ್ಲಾಸ್ಗೋ): ನಮ್ಮಲ್ಲಿ ಇಂಥ ಚೀಟಿ ಬರಲೇ ಇಲ್ಲ.

ಉತ್ತರ: ಬರುವುದಿಲ್ಲ. ಸ್ಕಾಟ್‌ಲೆಂಡಿನ ಕೌನ್ಸಿಲ್ ಶಾಲೆಗಳಲ್ಲಿ ಗವರ್ನರ್ ಪದ್ಧತಿ ಇಲ್ಲ, 2006ರ ಕಾಯ್ದೆಯ ಪ್ರಕಾರ ಪೇರೆಂಟ್ ಕೌನ್ಸಿಲ್ ಇದೆ. ಹಾಗೇ ಇಂಗ್ಲೆಂಡಿನಲ್ಲಿ ನಿಮ್ಮ ಶಾಲೆ ಅಕಾಡೆಮಿ (ಕೌನ್ಸಿಲ್ ಬದಲು ಟ್ರಸ್ಟ್ ನಡೆಸುವ ಸರ್ಕಾರಿ ದುಡ್ಡಿನ ಶಾಲೆ) ಆಗಿದ್ದರೆ ಅಧಿಕಾರ ಟ್ರಸ್ಟ್ ಕೈಯಲ್ಲಿರುತ್ತದೆ. ಶಾಲೆಯ ಲೋಕಲ್ ಗವರ್ನರ್‌ಗಳಿಗೆ ಎಷ್ಟು ಬಿಟ್ಟುಕೊಟ್ಟಿದ್ದಾರೆ ಅಂತ ಟ್ರಸ್ಟಿನ 'ಸ್ಕೀಮ್ ಆಫ್ ಡೆಲಿಗೇಷನ್'ನಲ್ಲಿ ನೋಡಿಯೇ ನಿಲ್ಲಿ. ಕೆಲವು ಕಡೆ ಬಿಸ್ಕೆಟ್ ತಿಂದು ಬರುವಷ್ಟೇ ಇರುತ್ತದೆ.

ಪ್ರಶ್ನೆ (ಲೆಸ್ಟರಿನ ಅಮ್ಮ, ಮತ್ತೆ): ಅಕ್ಕಾ, ನಿಲ್ಲುತ್ತೇನೆ. ಗಂಡ 'ನಿನಗ್ಯಾಕೆ ಬೇಕಿತ್ತು' ಅಂದರು, ಅದಕ್ಕೇ ಮನಸ್ಸು ಗಟ್ಟಿಯಾಯಿತು. ನನ್ನ ಪರಿಚಯ 250 ಪದದಲ್ಲಿ ಬರೆದುಕೊಡಬೇಕಂತೆ. ಹೀಗೆ ಶುರು ಮಾಡಿದ್ದೇನೆ: 'ನಾನು ಎಲ್ಲ ಪೋಷಕರ ದನಿಯಾಗುತ್ತೇನೆ, ನಿಮ್ಮ ಪ್ರತಿಯೊಂದು ಸಮಸ್ಯೆಯನ್ನೂ ಹೆಡ್ ಟೀಚರ್‌ಗೆ ಮುಟ್ಟಿಸುತ್ತೇನೆ.' ಸರೀನಾ?

ಉತ್ತರ: ಎರಡೂ ಸಾಲು ತೆಗೆದುಬಿಡು ಮಾರಾಯ್ತಿ. ಗೆದ್ದರೆ ಮೊದಲ ದಿನವೇ ಮಾತು ತಪ್ಪಿದವಳಾಗುತ್ತೀಯ. ಹೋದ ತಿಂಗಳು ಇದೇ ಗುಂಪಿನಲ್ಲಿ, ಊರಲ್ಲಿ 6 ವರ್ಷ ಸೊಸೈಟಿ ಬ್ಯಾಂಕಿನಲ್ಲಿ ಲೆಕ್ಕ ನೋಡುತ್ತಿದ್ದೆ ಅಂತ ಬರೆದಿದ್ದೆಯಲ್ಲ, ಅದನ್ನು ಮೊದಲು ಹಾಕು. ಬಜೆಟ್ ಓದಬಲ್ಲವರು ಸಿಗುವುದೇ ಕಷ್ಟ ನಮಗೆ. ಮನೆಯಲ್ಲಿ ಎರಡು ಭಾಷೆ ಆಡುವ ಮಗುವಿನ ತಾಯಿ ಅಂತಲೂ ಹಾಕು. ಮತ್ತೆ ಕೊನೆ ದಿನಾಂಕ ನೋಡಿಕೋ, ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಆಫೀಸಿನವರು ಮೂರೂವರೆಗೆ ಬಾಗಿಲು ಹಾಕುತ್ತಾರೆ.

ಲೆಸ್ಟರಿನ ಅಮ್ಮ: ದಿನಾಂಕದ ಮೇಲೇ ಬಾಳೆಹಣ್ಣು ಅಂಟಿದೆ ಅಕ್ಕಾ. ಫೋನ್ ಮಾಡಿ ಕೇಳುತ್ತೇನೆ.