ಚಿಕ್ಕಪ್ಪ, ವಿಳಾಸ ಬಿಡಿ, ಡೊಮೇನ್ ತಡೆಯಿರಿ

ಚಿಕ್ಕಪ್ಪ, ಮನೆಯವರ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ಈಗ ನೋಡಿದೆ. ಮೇಲ್ ಓದುವ ಥಂಡರ್‌ಬರ್ಡ್ ಪ್ರೋಗ್ರಾಮಿನಲ್ಲಿ ಸ್ಪ್ಯಾಮ್ ಬಂದಾಗಲೆಲ್ಲ ಆ ವಿಳಾಸಕ್ಕೆ ಒಂದು ಫಿಲ್ಟರ್, ಅಂದರೆ ಮೇಲನ್ನು ತಾನಾಗಿ ಬೇರ್ಪಡಿಸುವ ನಿಯಮ, ಹಾಕುತ್ತೀರಿ, ಆದರೂ ಮಾರನೆಯ ದಿನ ಅದೇ ಕಾಟ, ಏನು ಮಾಡೋದು ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಹೇಳುತ್ತೇನೆ, ಕಂಪ್ಯೂಟರ್ ಮುಂದೆ ಕೂತುಕೊಂಡೇ ಕೇಳಿ.

ವಿಳಾಸದಲ್ಲಿ ಆ್ಯಟ್ ಗುರುತಿನ ಎಡಗಡೆ ಇರುವ ಹೆಸರನ್ನು ಸ್ಪ್ಯಾಮ್ ಕಳಿಸುವವರು ದಿನಾ ಬದಲಾಯಿಸಬಹುದು. ಇವತ್ತು ಆಫರ್, ನಾಳೆ ನ್ಯೂಸ್. ಅದಕ್ಕೆ ಖರ್ಚೇನೂ ಇಲ್ಲ. ಬಲಗಡೆ ಇರುವುದು ಡೊಮೇನ್. ಹೊಸದು ಬೇಕಾದರೆ ದುಡ್ಡು ಕೊಟ್ಟು ನೋಂದಾಯಿಸಬೇಕು. ಹಾಗಾಗಿ ತಡೆಯಬೇಕಾದದ್ದು ಬಲಗಡೆಯದನ್ನು.

ಮೇಲಿರುವ ಮೂರು ಗೆರೆಯ ಬಟನ್ ಒತ್ತಿ. ಟೂಲ್ಸ್, ಅದರೊಳಗೆ ಮೆಸೇಜ್ ಫಿಲ್ಟರ್ಸ್. ನಿಮಗೆ ಎರಡು ಮೇಲ್ ಅಕೌಂಟ್ ಇವೆ ಅಲ್ವಾ, ಫಿಲ್ಟರ್ ಒಂದೊಂದು ಅಕೌಂಟಿಗೂ ಬೇರೆ ಬೇರೆ. ಆದ್ದರಿಂದ ಮೊದಲು ಸರಿಯಾದ ಅಕೌಂಟ್ ಆರಿಸಿ, ಆಮೇಲೆ ನ್ಯೂ ಒತ್ತಿ. ‘ಮ್ಯಾಚ್ ಎನಿ’ ಅನ್ನುವುದನ್ನು ಆರಿಸಿ. ಇದು ಮುಖ್ಯ. ‘ಮ್ಯಾಚ್ ಆಲ್’ ಇದ್ದರೆ ಎಲ್ಲ ಸಾಲೂ ಒಟ್ಟಿಗೆ ಹೊಂದಬೇಕು, ಒಂದೂ ಮೇಲ್ ಸಿಗುವುದಿಲ್ಲ.

ಮೊದಲ ಸಾಲಿನಲ್ಲಿ ‘ಫ್ರಮ್’, ‘ಎಂಡ್ಸ್ ವಿತ್’ ಆರಿಸಿ, ಆ್ಯಟ್ ಗುರುತು ಸೇರಿಸಿ ಡೊಮೇನ್ ಬರೆಯಿರಿ. ಎರಡನೇ ಸಾಲಿನಲ್ಲಿ ಅದೇ ಡೊಮೇನ್, ಆದರೆ ಆ್ಯಟ್ ಬದಲು ಮುಂದೆ ಒಂದು ಚುಕ್ಕಿ. ಯಾಕೆಂದರೆ ಇವರು ಡೊಮೇನಿನ ಮುಂದೆ ಮೇಲ್ ಡಾಟ್, ಇನ್ಫೋ ಡಾಟ್ ಅಂತ ಏನಾದರೂ ಸೇರಿಸಿಯೂ ಕಳಿಸುತ್ತಾರೆ. ಚುಕ್ಕಿ ಇಲ್ಲದೆ ಬರೀ ಹೆಸರು ಬರೆದರೆ, ಅದೇ ಅಕ್ಷರಗಳಲ್ಲಿ ಮುಗಿಯುವ ಯಾವುದೋ ಒಳ್ಳೆಯ ಡೊಮೇನ್ ಕೂಡ ಸಿಕ್ಕಿಬೀಳುತ್ತದೆ. ಇನ್ನೊಂದು ಡೊಮೇನ್ ಕಾಟ ಕೊಟ್ಟರೆ ಇದೇ ಫಿಲ್ಟರಿಗೆ ಸಾಲು ಸೇರಿಸುತ್ತಾ ಹೋಗಿ.

ಕೆಳಗೆ ಏನು ಮಾಡಬೇಕು ಅನ್ನುವಲ್ಲಿ ಡಿಲೀಟ್ ಹಾಕಬೇಡಿ, ದಯವಿಟ್ಟು. ಜಂಕ್ ಫೋಲ್ಡರಿಗೆ ಕಳಿಸಿ. ಕೆಲವು ದಿನ ಅಲ್ಲಿ ಕಣ್ಣಾಡಿಸಿ, ಬೇಕಾದ ಮೇಲ್ ಏನೂ ಹೋಗಿಲ್ಲ ಅಂತ ಖಾತ್ರಿ ಆದಮೇಲೆ ಬೇಕಾದರೆ ಬದಲಾಯಿಸಿ. ಹಳೆಯ ಮೇಲ್‌ಗಳಿಗೂ ಅನ್ವಯಿಸಲು ಅಲ್ಲೇ ‘ರನ್ ನೌ’ ಇದೆ.

ಜೀಮೇಲ್, ಯಾಹೂ, ಔಟ್‌ಲುಕ್ ಡೊಮೇನ್‌ಗಳನ್ನು ಮಾತ್ರ ಯಾವತ್ತೂ ಈ ಪಟ್ಟಿಗೆ ಸೇರಿಸಬೇಡಿ. ನಮ್ಮವರ ಮೇಲ್ ಎಲ್ಲ ಜಂಕಿಗೆ ಹೋಗುತ್ತದೆ. ಅಲ್ಲಿಂದ ಬರುವ ಸ್ಪ್ಯಾಮಿಗೆ ಜೆ ಕೀ ಒತ್ತಿ ಜಂಕ್ ಅಂತ ಗುರುತು ಹಾಕಿ. ಥಂಡರ್‌ಬರ್ಡ್ ಅದರಲ್ಲಿರುವ ಪದಗಳನ್ನು ನೋಡಿ ಕಲಿಯುತ್ತದೆ. ತಪ್ಪಾಗಿ ಜಂಕಿಗೆ ಹೋದದ್ದನ್ನು ‘ನಾಟ್ ಜಂಕ್’ ಅಂತ ತಿದ್ದಿ, ಅದೂ ಕಲಿಕೆಯೇ.

ಇನ್ನೊಂದು. ನಿಮ್ಮ ವಿಳಾಸದಿಂದಲೇ ನಿಮಗೆ ಸ್ಪ್ಯಾಮ್ ಬಂತು ಅಂತ ಗಾಬರಿಯಾಗಿದ್ದೀರಿ. ಯಾರೋ ಅಕೌಂಟಿಗೆ ನುಗ್ಗಿದ್ದಾರೆ ಅಂತಲೇ ಅಲ್ಲ. ಮೇಲ್ ಸಾಗಿಸುವ ಎಸ್‌ಎಂಟಿಪಿ ಪದ್ಧತಿ 1982ರದು, ಕಳಿಸಿದವರು ಯಾರು ಅಂತ ಅದು ತಾನಾಗಿ ಪರೀಕ್ಷಿಸುವುದಿಲ್ಲ. ಲಕೋಟೆಯ ಮೇಲೆ ಯಾರ ಹೆಸರು ಬೇಕಾದರೂ ಬರೆಯಬಹುದಲ್ಲ, ಹಾಗೆ. ಇದನ್ನು ಹಿಡಿಯಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ತಪಾಸಣೆಗಳು ಆಮೇಲೆ ಬಂದವು, ಆದರೆ ಎಲ್ಲ ಮೇಲ್ ಸರ್ವರ್‌ಗಳೂ ಅವನ್ನು ಒಂದೇ ಬಿಗಿಯಲ್ಲಿ ಪಾಲಿಸುವುದಿಲ್ಲ. ಸಮಾಧಾನಕ್ಕೆ ಪಾಸ್‌ವರ್ಡ್ ಬದಲಿಸಿ, ಒಳ್ಳೆಯದೇ.

ಗೊತ್ತಿಲ್ಲದವರ ಮೇಲ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಒತ್ತಬೇಡಿ. ಈ ವಿಳಾಸವನ್ನು ಯಾರೋ ಓದುತ್ತಿದ್ದಾರೆ ಅಂತ ಅವರಿಗೆ ಸುಮ್ನೆ ಗೊತ್ತಾಗುತ್ತದೆ. ನೀವೇ ಸೇರಿಕೊಂಡ ಅಂಗಡಿಯದ್ದಾದರೆ ಒತ್ತಿ.

ಅತ್ತಿಗೆ, ನಿಮ್ಮ ಕಂಪ್ಯೂಟರಿನ ಹಳೆಯ ಔಟ್‌ಲುಕ್ ಪ್ರೋಗ್ರಾಮಿನಲ್ಲಿ ಇನ್ನೂ ಸುಲಭ. ಹೋಮ್, ಜಂಕ್, ಜಂಕ್ ಇ-ಮೇಲ್ ಆಪ್ಷನ್ಸ್, ಬ್ಲಾಕ್ಡ್ ಸೆಂಡರ್ಸ್. ಅಲ್ಲಿ ಡೊಮೇನ್ ಸೇರಿಸಿದರೆ ಆಯಿತು.

ಚಿಕ್ಕಪ್ಪ, ಈ ಫಿಲ್ಟರ್ ಕೆಲಸ ಮಾಡುವುದು ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ತೆರೆದಿದ್ದಾಗ ಮಾತ್ರ. ಫೋನಿನಲ್ಲೂ ಕಾಣಬಾರದು ಅಂದರೆ ಬ್ರೌಸರಿನಲ್ಲಿ ನಿಮ್ಮ ಮೇಲ್ ತೆರೆದು, ಅಲ್ಲಿನ ಸೆಟ್ಟಿಂಗ್ಸ್‌ನಲ್ಲಿ ಇದೇ ಫಿಲ್ಟರ್ ಹಾಕಬೇಕು. ಅದನ್ನು ಭಾನುವಾರ ಬಂದಾಗ ಜೊತೆಯಲ್ಲಿ ಕೂತು ಮಾಡೋಣ, ಅಷ್ಟರೊಳಗೆ ಕಾಟ ಕೊಡುವ ಡೊಮೇನ್‌ಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ.