ಹನ್ನೊಂದು ವರ್ಷ ನಿಂತ ಬುಲೆಟ್: ಕಾಲು ತಾಸು ಓಡಿ ಬಂದ್ ಆಗ್ತೈತಿ, ಆಂಪ್ ಮೀಟರ್ ಮುಳ್ಳು ಎಡಕ್ಕ ಬಿದ್ದೈತಿ

ಗದಗ ಬುಲೆಟ್:

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ನಮ್ಮ ಕಾಕಾರದು. 1996ರ ಬುಲೆಟ್ 350, 12 ವೋಲ್ಟ್, ಪಾಯಿಂಟ್ ಸೆಟ್ (ಪ್ಲಗ್ಗಿಗೆ ಕಿಡಿ ಕೊಡಿಸೋ ಸ್ವಿಚ್) ಇರೋದು, ಬಲಗಾಲಿನ ಗೇರು. ಆಗ ಗದಗ ಇನ್ನೂ ಜಿಲ್ಲಾ ಆಗಿರಲಿಲ್ಲ, ಧಾರವಾಡದಾಗ ಪಾಸಿಂಗ್ ಆದದ್ದು, ಹಿಂಗಾಗಿ ನಂಬರ್ ಕೆಎ-25. 2013ರಾಗ ಕಾಕಾರಿಗೆ ಮೊಣಕಾಲು ನೋವು ಹೆಚ್ಚಾಗಿ ಕಿಕ್ ಹೊಡೆಯೋದು ಆಗಲಿಲ್ಲ. ಊರಾಗಿನ ಹೊಟ್ಟಿನ ಕ್ವಾಣಿಯೊಳಗ ನಿಲ್ಲಿಸಿದ್ದು, 2024ರ ದೀಪಾವಳಿಗೆ ನಾನು ಹೊರಗ ತಗದೆ.

ಏರ್ ಫಿಲ್ಟರ್ ಡಬ್ಬಿಯೊಳಗ ಇಲಿ ಗೂಡು ಕಟ್ಟಿತ್ತು, ಅರಳಿ ತುಂಬಿತ್ತು. ವೈರ್ ಅರ್ಧ ಕಡದಿದ್ವು. ಟಾಕಿಯೊಳಗಿನ ಪೆಟ್ರೋಲ್ ಬೆಲ್ಲದ ಪಾಕದ ಹಂಗ ಆಗಿತ್ತು. ಎಂಜಿನ್ ಹಿಡದಿರಲಿಲ್ಲ, ಪ್ಲಗ್ ತಗದು ಡೀಸೆಲ್ ಬಿಟ್ಟು ಎರಡು ದಿನ ಇಟ್ಟಮ್ಯಾಲ ಹಗೂರಕ ತಿರುಗಿತು. ಟಾಕಿಗೆ ಹುಣಸಿಹಣ್ಣಿನ ನೀರು ಹಾಕಿ, ಒಂದು ಹಿಡಿ ಸಣ್ಣ ನಟ್ಟು ಬಿಟ್ಟು ಅಲ್ಲಾಡಿಸಿ ಜಂಗ ತಗದೆ, ಆಮ್ಯಾಲ ಸೋಡಾ ನೀರಿನಿಂದ ತೊಳದು ಬಿಸಲಾಗ ಒಣಗಿಸಿದೆ.

ಆಮ್ಯಾಲ ಹುಬ್ಬಳ್ಳಿಯೊಳಗ ಫ್ರೇಮ್, ಬ್ಯಾಟರಿ ಡಬ್ಬಿ, ಎಲ್ಲಾ ಪಟ್ಟಿಗೂ ಪೌಡರ್ ಕೋಟಿಂಗ್ ಮಾಡಿಸಿದೆ. ಟಾಕಿಗೆ ಬಣ್ಣ. ವೈರಿಂಗ್ ಸೆಟ್, ಕಾಯಿಲ್, ಕಂಡೆನ್ಸರ್ (ಪಾಯಿಂಟ್ ತುದಿ ಸುಡದಂಗ ಕಿಡಿ ತಡೆಯೋದು), ಪಾಯಿಂಟ್, ಪ್ಲಗ್, ಕಾರ್ಬೊರೇಟರ್ ಕಿಟ್, ಬ್ಯಾಟರಿ ಎಲ್ಲಾ ಹೊಸಾವು.

ಈಗಿನ ತೊಂದ್ರಿ: ಐದಾರು ಕಿಕ್ಕಿಗೆ ಚಾಲೂ ಆಗ್ತೈತಿ. ಹದಿನೈದು ನಿಮಿಷ ಓಡಿ ತಡವರಿಸಿ ಬಂದ್ ಆಗ್ತೈತಿ. ಅರ್ಧ ತಾಸು ಬಿಟ್ಟು ಹೊಡದ್ರ ಮತ್ತ ಚಾಲೂ. ಬ್ಯಾಟರಿ ಚಾರ್ಜ್ ಮಾಡಿಸಿ ತಂದ ದಿನ ಮಾತ್ರ ಒಂದು ತಾಸು ಚಲೋ ಓಡಿತ್ತು. ಆಂಪ್ ಮೀಟರ್ ಮುಳ್ಳು ಯಾವಾಗಲೂ ಎಡಕ್ಕ, ಅಂದ್ರ ಬ್ಯಾಟರಿ ಖಾಲಿ ಆಗೋ ಕಡೆ. ಹಾರ್ನ್ ಒತ್ತಿದ್ರ ಎಂಜಿನ್ ಒಂದು ಪೆಟ್ಟು ತಪ್ಪಿಸ್ತೈತಿ. ಕ್ಲಚ್ ಹಿಡದು ಮೊದಲನೇ ಗೇರ್ ಹಾಕಿದ್ರ ಗಾಡಿ ಮುಂದಕ್ಕ ಜಿಗೀತೈತಿ, ನ್ಯೂಟ್ರಲ್ ಸಿಗಂಗಿಲ್ಲ. ಮುಂದಿನ ಬ್ರೇಕ್ ಇದ್ದೂ ಇಲ್ಲದಂಗ.

ಒಬ್ಬ ಮಿಸ್ತ್ರಿ ರೆಕ್ಟಿಫೈಯರ್ (ಎಸಿ ಕರೆಂಟನ್ನ ಬ್ಯಾಟರಿಗೆ ಬೇಕಾದ ಡಿಸಿ ಮಾಡೋದು) ಸುಟ್ಟೈತಿ ಅಂದ, ಇನ್ನೊಬ್ಬ ಕಾದಮ್ಯಾಲ ನಿಲ್ತೈತಿ ಅಂದ್ರ ಬೋರ್ ಮಾಡಿಸಬೇಕು (ಸಿಲಿಂಡರ್ ಕೊರೆಸಬೇಕು) ಅಂದ. ಕಾಕಾ ಮಾತ್ರ ಕಟ್ಟಿಮ್ಯಾಲ ಕುಂತು ಕೇಳಿ "ಎಂಜಿನ್ ಮುಟ್ಟಬ್ಯಾಡ, ಅದು ಚಲೋ ಐತಿ" ಅಂತಾರ. ಯಾರ ಮಾತು ಕೇಳ್ಲಿ?

ಹಾವೇರಿ 350:

ತಮ್ಮಾ, ಮೊದಲು ರೊಕ್ಕ ಇಲ್ಲದ ಪರೀಕ್ಷಾ ಮಾಡು. ಬಂದ್ ಆದ ಕೂಡಲೇ ಟಾಕಿ ಮುಚ್ಚಳ ತಗಿ. ಉಸ್ ಅಂತ ಸಪ್ಪಳ ಬಂದು, ಆಮ್ಯಾಲ ಗಾಡಿ ಚಾಲೂ ಆತಂದ್ರ ಮುಚ್ಚಳದ ಗಾಳಿ ತೂತು ಕಟ್ಟೇತಿ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗ ಹೋಗಬೇಕು, ಇಲ್ಲಂದ್ರ ಇಳಿಯೂದ ನಿಲ್ತೈತಿ. ನಂದು ಬಂಕಾಪುರ ದಾಟಿದಮ್ಯಾಲ ದಿನಾ ಹಿಂಗ ನಿಲ್ತಿತ್ತು.

ಪೆಟ್ರೋಲ್ ಪೈಪ್ ಹಳೇದ ಇದ್ರ ಅದನ್ನೂ ಬದಲು ಮಾಡು. ಈಗಿನ ಪೆಟ್ರೋಲಿನ್ಯಾಗ ಶೇಕಡಾ 20ರವರೆಗೂ ಎಥನಾಲ್ ಇರ್ತೈತಿ, ಹಳೇ ರಬ್ಬರ್ ಉಬ್ಬಿ ಮೆತ್ತಗ ಆಗ್ತೈತಿ. ಗಾಡಿ ನಿಲ್ಲಿಸಿ ಇಡೂದಿದ್ರ ಟಾಕಿ ಖಾಲಿ ಮಾಡಿ ಇಡು, ಅದು ನೀರು ಎಳಕೊಂತೈತಿ.

ಧಾರವಾಡ ಸಪ್ತಾಪುರ:

ಕಾದಾಗ ನಿಂತು ಆರಿದಾಗ ಚಾಲೂ ಆಗುವುದು ಕಂಡೆನ್ಸರ್‌ನ ಹಳೆಯ ಲಕ್ಷಣ. ಹೊಸದು ಎಂದ ಮಾತ್ರಕ್ಕೆ ಸರಿ ಇದೆ ಎಂದು ನಂಬಬೇಡಿ, ಈಗ ಸಿಗುವ ಎಷ್ಟೋ ಕಂಡೆನ್ಸರ್‌ಗಳು ಪೆಟ್ಟಿಗೆಯಲ್ಲೇ ಸತ್ತಿರುತ್ತವೆ. ಸಂಜೆ ಕತ್ತಲಲ್ಲಿ ಪಾಯಿಂಟ್ ಮುಚ್ಚಳ ತೆಗೆದು ಎಂಜಿನ್ ಓಡಿಸಿ ನೋಡಿ. ಪಾಯಿಂಟ್ ತುದಿಯಲ್ಲಿ ದಪ್ಪ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ. ಸಣ್ಣ ಕಿಡಿ ಕಂಡರೆ ಚಿಂತೆ ಇಲ್ಲ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಒಳಗೆ ಇರಲಿ.

ವೈಂಡಿಂಗ್ ಹುಬ್ಬಳ್ಳಿ:

ಇಬ್ಬರು ಅಣ್ಣಾರು ಹೇಳಿದ್ದೂ ಬರೋಬ್ಬರಿ ಐತಿ, ಎರಡೂ ನೋಡಬೇಕಾದದ್ದ. ಆದ್ರ ನೀವು ಬರದದ್ರಾಗ ಒಂದು ಸಾಲು ನನಗ ಬಿಡವಲ್ದು. "ಬ್ಯಾಟರಿ ಚಾರ್ಜ್ ಮಾಡಿಸಿ ತಂದ ದಿನ ಒಂದು ತಾಸು ಓಡಿತ್ತು." ಕಂಡೆನ್ಸರ್ ಹೋಗಿದ್ರ, ಬೋರ್ ಹೋಗಿದ್ರ, ಅವಕ್ಕ ಬ್ಯಾಟರಿ ಯಾವತ್ತು ಚಾರ್ಜ್ ಆತು ಅಂತ ಗೊತ್ತಾಗ್ತೈತೇನ್ರಿ? ಆ ದಿನಾನೂ ಹದಿನೈದು ನಿಮಿಷಕ್ಕ ನಿಲ್ಲಬೇಕಿತ್ತು.

ಪಾಯಿಂಟ್ ಗಾಡಿಯೊಳಗ ಕಾಯಿಲ್‌ಗೆ ಕರೆಂಟ್ ಬರೂದು ಬ್ಯಾಟರಿಯಿಂದ. ಚಾರ್ಜಿಂಗ್ ಇಲ್ಲಂದ್ರ ಗಾಡಿ ಬ್ಯಾಟರಿ ತಿಂದ ಓಡ್ತೈತಿ. ವೋಲ್ಟೇಜ್ ಇಳೀತು, ಪ್ಲಗ್ಗಿನ ಕಿಡಿ ಸಣ್ಣ ಆತು, ನಿಂತು. ಅರ್ಧ ತಾಸು ಬಿಟ್ರ ಸತ್ತ ಬ್ಯಾಟರಿನೂ ಸ್ವಲ್ಪ ಚೇತರಿಸಿಕೊಂತೈತಿ, ಮತ್ತ ಚಾಲೂ ಆಗ್ತೈತಿ. ನೋಡಿದವರಿಗೆ ಎಂಜಿನ್ ಆರಿದ್ದಕ್ಕ ಚಾಲೂ ಆತು ಅನಸ್ತೈತಿ.

ಇನ್ನೊಂದು ಮಾತು ಕೇಳ್ತೀನಿ. ಪೌಡರ್ ಕೋಟಿಂಗ್ ಆದಮ್ಯಾಲ ರೆಕ್ಟಿಫೈಯರ್ ಕುಂದ್ರೂ ಜಾಗಾ, ಬ್ಯಾಟರಿ ಅರ್ಥಿಂಗ್ (ಕರೆಂಟ್ ಫ್ರೇಮ್ ಹಾಯ್ದು ಬ್ಯಾಟರಿ ಮೈನಸ್‌ಗೆ ವಾಪಸ್ ಬರೂ ದಾರಿ) ಬೋಲ್ಟಿನ ಜಾಗಾ ಕೆರೆದಿದ್ರೇನು? ಅದು ಬಣ್ಣ ಅಲ್ಲ, ಪ್ಲಾಸ್ಟಿಕ್ ಪುಡಿ. 200 ಡಿಗ್ರಿ ಹತ್ರ ಭಟ್ಟಿಯೊಳಗ ಕರಗಿ ಕಬ್ಬಿಣಕ್ಕ ಅಂಗಿ ತೊಡಿಸಿದಂಗ ಕುಂದ್ರತೈತಿ. ಅದರೊಳಗ ಕರೆಂಟ್ ಹಾಯಂಗಿಲ್ಲ.

ಏನೂ ಖರೀದಿ ಮಾಡಬ್ಯಾಡ್ರಿ. ಸಾದಾ ಮಲ್ಟಿಮೀಟರ್ ಒಂದು ತಗೊಂಡು ಡಿಸಿ 20 ವೋಲ್ಟಿಗೆ ಇಟ್ಟು ಮೂರು ಅಳತಿ ಬರದು ಹಾಕ್ರಿ:

ಗಾಡಿ ಬಂದ್ ಇದ್ದಾಗ ಬ್ಯಾಟರಿ ಎರಡೂ ತುದಿ.
ಗಾಡಿ ಚಾಲೂ ಇಟ್ಟು, ಎಕ್ಸಲೇಟರ್ ಅರ್ಧಕ್ಕ ಹಿಡದು, ಅದ ತುದಿ.
ಹಂಗ ಚಾಲೂ ಇದ್ದಾಗ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ರೆಕ್ಟಿಫೈಯರ್ ಮೈಗೆ.

ಮೂರನೇದು ಸೊನ್ನಿ ಹತ್ರ ಇರಬೇಕು. 0.2 ದಾಟಿದ್ರ ಅರ್ಥಿಂಗ್ ಕೆಟ್ಟೈತಿ.

ಮತ್ತ ದಯಮಾಡಿ ಇದನ್ನ ಇವತ್ತ ನೋಡ್ರಿ: ಹನ್ನೊಂದು ವರ್ಷ ನಿಂತ ಎಂಜಿನ್, ಎಣ್ಣಿ ಮ್ಯಾಲ ಹತ್ತಾಕತ್ತೈತೋ ಇಲ್ಲೋ? ನಿಧಾನ ಓಡುವಾಗ ಹೆಡ್ಡಿಗೆ ಹೋಗೂ ಎಣ್ಣಿ ಪೈಪಿನ ಬೋಲ್ಟ್ ಒಂಚೂರು ಸಡ್ಲ ಮಾಡಿದ್ರ ಎಣ್ಣಿ ಒಸರಬೇಕು. ಒಸರಲಿಲ್ಲ ಅಂದ್ರ ಆ ಕ್ಷಣಕ್ಕ ಬಂದ್ ಮಾಡ್ರಿ. ವೈರ್ ಯಾವಾಗ ಬೇಕಾದ್ರೂ ಸರಿ ಮಾಡಬಹುದು, ರಾಕರ್ (ಹೆಡ್ಡಿನೊಳಗ ವಾಲ್ವ್ ಒತ್ತೂ ತುಂಡು) ಸುಟ್ರ ರೊಕ್ಕ ಸುಟ್ಟಂಗ.

ಗದಗ ಬುಲೆಟ್:

ಎಣ್ಣಿ ಚಲೋ ಒಸರಾಕತ್ತೈತಿ ಅಣ್ಣಾರ, ಮೊದಲು ಅದನ್ನ ನೋಡಿದೆ. ಕತ್ತಲದಾಗ ಪಾಯಿಂಟ್ ನೋಡಿದೆ, ಕಿಡಿ ಸಣ್ಣದು.

ಅಳತಿ: ಬಂದ್ ಇದ್ದಾಗ 12.2. ಚಾಲೂ ಇದ್ದಾಗ 11.7, ಎಕ್ಸಲೇಟರ್ ಕೊಟ್ರೂ ಏರಂಗಿಲ್ಲ. ಮೂರನೇದು 2ರಿಂದ 3ರ ನಡುವ ಕುಣೀತೈತಿ.

ಕೋಟಿಂಗ್ ಎಲ್ಲೂ ಕೆರೆದಿಲ್ರಿ. ಅಷ್ಟು ಛಂದ ಮಾಡಿ ಕೊಟ್ಟಿದ್ರು, ಕೆರೀಬೇಕು ಅಂತ ನನಗ ಹೊಳೀಲೇ ಇಲ್ಲ.

ವೈಂಡಿಂಗ್ ಹುಬ್ಬಳ್ಳಿ:

ಹೊಳೀಲಿಲ್ಲ ಅಂತ ಬ್ಯಾಸರ ಮಾಡ್ಕೊಬ್ಯಾಡ್ರಿ, ನನ್ನ ಹತ್ರ ವರ್ಷಕ್ಕ ನಾಲ್ಕೈದು ಗಾಡಿ ಇದ ಕಾರಣಕ್ಕ ಬರ್ತಾವ. ಗಾಡಿ ಹಳೇದಿದ್ದಾಗ ಚಾರ್ಜಿಂಗ್ ಇರ್ತೈತಿ, ಹೊಸಾದರಂಗ ಮಾಡಿದಮ್ಯಾಲ ಹೋಗ್ತೈತಿ. ನಿಮ್ಮ ರೆಕ್ಟಿಫೈಯರ್ ಬರೇ ಬೋಲ್ಟಿನ ಹಲ್ಲಿನಿಂದ ಅಷ್ಟಿಷ್ಟು ಅರ್ಥಿಂಗ್ ಹಿಡಕೊಂಡೈತಿ. ಅದಕ್ಕ ಮೂರನೇ ಅಳತಿ ಕುಣೀತೈತಿ.

ಬಿಚ್ಚೂಕಿಂತ ಮೊದಲು ಖಾತ್ರಿ ಮಾಡ್ಕೋರಿ. ದಪ್ಪ ವೈರಿನ ತುಂಡು ತಗೊಂಡು ರೆಕ್ಟಿಫೈಯರ್ ಮೈಯಿಂದ ಸೀದಾ ಬ್ಯಾಟರಿ ಮೈನಸ್‌ಗೆ ಕೈಯಿಂದ ಹಿಡೀರಿ, ಗಾಡಿ ಚಾಲೂ ಇರಲಿ. ಪ್ಲಸ್ ತುದಿಗೆ ಮಾತ್ರ ತಾಗಬಾರದು. ಬ್ಯಾಟರಿ ವೋಲ್ಟೇಜ್ 13.5 ದಾಟಿ ಏರಿತು ಅಂದ್ರ ಕಳ್ಳ ಸಿಕ್ಕ. ಏರಲಿಲ್ಲ ಅಂದ್ರ ಮಾತ್ರ ಮ್ಯಾಗ್ನೆಟ್ ಕಡೆಯಿಂದ ಬರೂ ಎಸಿ ಅಳೆಯೂಣು.

ಏರಿದ್ರ ಮಾಡೂದು ಇಷ್ಟ. ರೆಕ್ಟಿಫೈಯರ್ ಕುಂದ್ರೂ ಜಾಗಾ, ಬ್ಯಾಟರಿ ಅರ್ಥಿಂಗ್ ಬೋಲ್ಟಿನ ಜಾಗಾ, ಎಂಜಿನ್ ಪಟ್ಟಿ ಫ್ರೇಮಿಗೆ ಕೂಡೂ ಜಾಗಾ, ಮೂರೂ ಕಡೆ ಪಾಲಿಶ್ ಪೇಪರ್ ಹಾಕಿ ಬಿಳೀ ಕಬ್ಬಿಣ ಕಾಣೂಮಟ ತಿಕ್ರಿ. ವಾಷರಿನಷ್ಟ ಜಾಗಾ ಸಾಕು, ಬಣ್ಣ ಹೊರಗ ಕಾಣಂಗಿಲ್ಲ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡ್ರಿ, ಬಿಗಿ ಆದಮ್ಯಾಲ ಮ್ಯಾಲೆ ಗ್ರೀಸ್ ಸವರ್ರಿ, ಜಂಗ ಹಿಡಿಯಂಗಿಲ್ಲ. ಮೊದಲ ಗ್ರೀಸ್ ಹಚ್ಚಿ ಬಿಗಿ ಮಾಡಬ್ಯಾಡ್ರಿ.

ಆಮ್ಯಾಲ ಬ್ಯಾಟರಿ ಮೈನಸ್‌ನಿಂದ ಎಂಜಿನ್‌ಗೊಂದು, ರೆಕ್ಟಿಫೈಯರ್‌ಗೊಂದು, ಹೆಡ್‌ಲೈಟ್ ಡೂಮಿಗೊಂದು ಬ್ಯಾರೆ ಕರೀ ವೈರ್ ಎಳೀರಿ. ಹೆಡ್‌ಲೈಟಿನ ಅರ್ಥಿಂಗ್ ಹ್ಯಾಂಡಲ್ ಬೇರಿಂಗಿನ ಗುಂಡಿನ್ಯಾಗಿಂದ ಹಾಯ್ದು ಬರಬೇಕು ಅಂದ್ರ, ಗ್ರೀಸ್ ತುಂಬಿದ ಬೇರಿಂಗ್ ಎಷ್ಟು ಕರೆಂಟ್ ಬಿಟ್ಟೀತು ಹೇಳ್ರಿ? ಈ ಮೂರು ವೈರ್ ಇದ್ರ ಮುಂದ ಬಣ್ಣದ ಚಿಂತಿ ಇರಂಗಿಲ್ಲ.

ಧಾರವಾಡ ಸಪ್ತಾಪುರ:

ಒಂದು ತಾಸು ಓಡಿದ ಮಾತನ್ನು ನಾನು ಓದಿಯೂ ದಾಟಿಹೋಗಿದ್ದೆ. ಅವರು ಹೇಳಿದ್ದೇ ಸರಿ.

ಚಾರ್ಜಿಂಗ್ ಸರಿಯಾದ ಮೇಲೆ ಟೈಮಿಂಗ್ ಒಮ್ಮೆ ನೋಡಿಕೊಳ್ಳಿ, ಅದಕ್ಕೂ ಆಂಪ್ ಮೀಟರ್ ಸಾಕು. ಲೈಟ್ ಆರಿಸಿ ಕೀಲಿ ಹಾಕಿ. ಪಾಯಿಂಟ್ ಮುಚ್ಚಿರುವಾಗ ಕಾಯಿಲ್ ಕರೆಂಟ್ ಎಳೆಯುತ್ತದೆ, ಮುಳ್ಳು ಎಡಕ್ಕೆ ವಾಲುತ್ತದೆ. ಪ್ಲಗ್ ತೆಗೆದು ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತುತ್ತ ಬನ್ನಿ. ಮುಳ್ಳು ನಡುವಿಗೆ ಹಾರುವ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ. ಕಂಪ್ರೆಷನ್ ಸುತ್ತಿನಲ್ಲಿ ಪಿಸ್ಟನ್ ತುತ್ತತುದಿ ಮುಟ್ಟಲು ಒಂದು ಮಿ.ಮೀ. ಒಳಗೆ ಇರುವಾಗ ಅದು ಆಗಬೇಕು. ಸಣ್ಣ ಕಡ್ಡಿ ಇಟ್ಟು ಅಳೆಯಿರಿ.

ನಿಮ್ಮ ಐದಾರು ಕಿಕ್ಕಿಗೂ ಮದ್ದು ಇದೇ ಮುಳ್ಳಿನಲ್ಲಿದೆ. ಮುಳ್ಳು ನಡುವಿಗೆ ಬರುವವರೆಗೆ ಕಿಕ್ ಇಳಿಸಿ, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಒತ್ತಿ ಒಂದಿಷ್ಟು ಮುಂದೆ ತಳ್ಳಿ, ಬಿಟ್ಟು, ಕಿಕ್ ಮೇಲಕ್ಕೆ ತಂದು ಒಂದೇ ಉಸಿರಿಗೆ ಪೂರ್ತಿ ಒದೆಯಿರಿ. ನಿಮ್ಮ ಕಾಕಾ ಅವರಿಗೆ ಇದು ಗೊತ್ತೇ ಇರುತ್ತದೆ.

ಗದಗ ಬುಲೆಟ್:

ವೈರ್ ಹಿಡದ ಕೂಡಲೇ 11.7 ಇದ್ದದ್ದು 13.9ಕ್ಕ ಜಿಗೀತು! ಕಾಕಾ ಕಟ್ಟಿಮ್ಯಾಲಿಂದ ಎದ್ದು ಬಂದು ಮೀಟರ್ ನೋಡಿದ್ರು.

ಮೂರೂ ಜಾಗಾ ತಿಕ್ಕಿ ವೈರ್ ಎಳದೆ. ಈಗ 14.2. ಹಾರ್ನ್ ಒತ್ತಿದ್ರ ಪೆಟ್ಟು ತಪ್ಪಂಗಿಲ್ಲ. ಕಿಕ್ ಕಾಕಾರ ಕಡೆಯಿಂದ ಕಲಿತೆ, ಎರಡನೇದ್ದಕ್ಕ ಚಾಲೂ.

ಆದ್ರ ಒಂದು ಉಳೀತು. ನಿನ್ನಿ ಅಣ್ಣಿಗೇರಿಗೆ ಹೊಂಟೆ. ಊರು ಇನ್ನೇನು ಬಂತು ಅನ್ನೂದ್ರಾಗ ನಿಂತು. ಮುಳ್ಳು ನಡುವ ಇತ್ತು, ಕಿಡಿ ನೀಲಿ ಇತ್ತು. ಹಾವೇರಿ ಅಣ್ಣಾರ ಮಾತು ನೆಪ್ಪಾಗಿ ಮುಚ್ಚಳ ತಗದೆ, ಉಸ್ ಅಂತ ಗಾಳಿ ಎಳಕೊಂತು. ಮೊದಲನೇ ಕಿಕ್ಕಿಗೆ ಚಾಲೂ ಆತು.

ಹಾವೇರಿ 350:

ನೋಡು, ಎರಡು ರೋಗ ಒಂದರ ಹಿಂದ ಒಂದು ನಿಂತಿದ್ವು. ಮೊದಲಿನ ದಿನದಾಗ ಮುಚ್ಚಳ ತಗದಿದ್ರ ಏನೂ ಗೊತ್ತಾಗ್ತಿರಲಿಲ್ಲ, ಬ್ಯಾಟರಿ ಮೊದಲ ಸಾಯ್ತಿತ್ತು. ಟಾಕಿಗೆ ಬಣ್ಣ ಹೊಡೆಯುವಾಗ ಮುಚ್ಚಳಕ್ಕೂ ಹೊಡದಿರ್ತಾರ, ಸೂಜಿಯಷ್ಟ ತೂತು ಅದು, ಬಣ್ಣ ಕುಂತಿರ್ತೈತಿ. ಸಣ್ಣ ತಂತಿ ಹಾಕಿ ಬಿಡಿಸು. ಒಳಗಿನ ರಬ್ಬರ್ ವಾಷರ್ ಹೊಸಾದಾಗಿದ್ರ ಅದು ತೂತು ಮುಚ್ಚೇತೇನು ಅಂತನೂ ನೋಡು.

ಈಗ ಕ್ಲಚ್. ಇಷ್ಟು ವರ್ಷ ನಿಂತ್ರ ಪ್ಲೇಟ್ ಒಂದಕ್ಕೊಂದು ಅಂಟಿರ್ತಾವ. ಎಡಗಡೆ ಚೈನ್ ಕವರ್ ಬಿಚ್ಚಿ ಪ್ಲೇಟ್ ತಗದು ಚಿಮಣಿ ಎಣ್ಣಿಯೊಳಗ ತೊಳದು, ಕನ್ನಡಿಮ್ಯಾಲ ಇಟ್ಟು ನೋಡು, ಸೊಟ್ಟ ಇದ್ದದ್ದು ಆಡ್ತೈತಿ. ಕೂಡ್ಸುವಾಗ ಸ್ಪ್ರಿಂಗ್ ಸ್ಕ್ರೂ ಎಲ್ಲಾ ಸಮ ಬಿಗೀಬೇಕು. ಕ್ಲಚ್ ಹಿಡದು ಕಿಕ್ ತಿರುಗಿಸಿದ್ರ ಮ್ಯಾಲಿನ ಪ್ಲೇಟ್ ಸೀದಾ ತಿರುಗಬೇಕು, ಓಲಾಡಿದ್ರ ಒಂದು ಸ್ಕ್ರೂ ಹೆಚ್ಚು ಬಿಗಿ ಐತಿ. ಲಿವರ್ ತುದಿಗೆ ಎರಡು ಮೂರು ಮಿ.ಮೀ. ಸಡ್ಲ ಬಿಡು. ಇನ್ನ ಮ್ಯಾಲ ನಿಲ್ಲಿಸಿದ ಗಾಡಿ ಚಾಲೂ ಮಾಡೂಕಿಂತ ಮೊದಲು ಕ್ಲಚ್ ಹಿಡದು ಎರಡು ಸಲ ಕಿಕ್ ಹೊಡಿ. ನ್ಯೂಟ್ರಲ್ ಫೈಂಡರ್ (ಸೀದಾ ನ್ಯೂಟ್ರಲ್‌ಗೆ ತರೂ ಲಿವರ್) ಹಿಮ್ಮಡಿಯಿಂದ ಒತ್ತುವಾಗ ಎರಡು, ಮೂರು, ನಾಲ್ಕರಾಗ ಇರಬೇಕು, ಮೊದಲನೇದ್ರಾಗ ಅದು ಕೆಲಸ ಮಾಡಂಗಿಲ್ಲ.

ಬ್ರೇಕ್ ಶೂ ಹೊಳಪು ಬಂದಿರ್ತೈತಿ, ಪಾಲಿಶ್ ಪೇಪರ್ ತಿಕ್ಕು. ಡ್ರಮ್ಮಿನ ಧೂಳಿಗೆ ಮಾತ್ರ ಬಾಯಿಂದ ಊದಬ್ಯಾಡ ತಮ್ಮಾ, ಹಳೇ ಶೂನ್ಯಾಗ ಕಲ್ನಾರು ಇರ್ತಿತ್ತು. ಹಸಿ ಅರಬಿಯಿಂದ ಒರಸು.

ಗದಗ ಬುಲೆಟ್:

ತಡಾ ಆತು, ಬಿತ್ತಿಗಿ ಇತ್ತು. ತೂತಿನ್ಯಾಗ ಬಣ್ಣನ ಇತ್ತು ಅಣ್ಣಾ, ಹೇಳಿದಂಗ. ಪ್ಲೇಟ್ ಎರಡು ಸೊಟ್ಟ ಇದ್ವು, ಬದಲು ಮಾಡಿದೆ. ನ್ಯೂಟ್ರಲ್ ಬೆರಳಿಂದ ಮುಟ್ಟಿದ್ರ ಬೀಳ್ತೈತಿ.

ಮೊನ್ನಿ ಭಾನುವಾರ ಗದಗದಿಂದ ಹುಬ್ಬಳ್ಳಿಗೆ ಹೋಗಿ ಬಂದೆ, ನೂರಾ ಹತ್ತು ಕಿಲೋಮೀಟರ್ ಮ್ಯಾಲ ಆತು. ಎಲ್ಲೂ ನಿಲ್ಲಲಿಲ್ಲ. ಬೋರ್ ಮಾಡಿಸಲಿಲ್ಲ, ರೆಕ್ಟಿಫೈಯರ್ ಹಳೇದ ಐತಿ. ಖರ್ಚು ಆದದ್ದು ಮೀಟರು, ವೈರು, ವಾಷರು, ಪ್ಲೇಟು ಇಷ್ಟ.

ಸಂಜಿಮುಂದ ಮನಿ ಮುಂದ ಬಂದು ಬಂದ್ ಮಾಡಾಕ ಹೋದೆ, ಕಾಕಾ ಬ್ಯಾಡ ಅಂತ ಕೈ ಮಾಡಿದ್ರು. ಹತ್ರ ಬಂದು ಕುರ್ಚಿ ಹಾಕ್ಕೊಂಡು ಕುಂತು, ಕಣ್ಣು ಮುಚ್ಚಿ ಭಾಳ ಹೊತ್ತು ಕೇಳಿದ್ರು. ಆಮ್ಯಾಲ ಅಂದ್ರು, "ಎಕ್ಸಾಸ್ಟ್ ಟ್ಯಾಪೆಟ್ ಒಂಚೂರು ಸಡ್ಲ ಐತಿ. ಮುಂಜಾನೆ ಎಂಜಿನ್ ತಣ್ಣಗಿದ್ದಾಗ ಬಿಚ್ಚು. ರಾಡ್ ಬೆರಳಿಂದ ತಿರುಗಬೇಕು, ಮ್ಯಾಲ ಕೆಳಗ ಆಡಬಾರದು. ನನ್ನ ಕರಿ, ನಾನೂ ಬರ್ತೀನಿ."