ಡಾಕ್ಟರ್‌ಗೆ ಕೇಳಿ: ಅಕ್ಟೋಬರ್‌ನಲ್ಲಿ ಸ್ಟಾಕ್‌ಹೋಮ್‌ಗೆ, ಜೊತೆಗೆ ಇನ್ಸುಲಿನ್

ಧಾರವಾಡದ ಮೇಷ್ಟ್ರು: ನಮಸ್ಕಾರ ಡಾಕ್ಟ್ರೇ. ವಯಸ್ಸು 69. ಕಾಲೇಜಿನ ಗೆಳೆಯ ಸ್ಟಾಕ್‌ಹೋಮ್‌ನಲ್ಲಿದ್ದಾನೆ. ಅಕ್ಟೋಬರ್ ಮಧ್ಯದಿಂದ ಮೂರು ವಾರ ಅವನ ಮನೆಯಲ್ಲಿರುತ್ತೇನೆ. ಮೂರು ಹೊತ್ತು ಊಟಕ್ಕೆ ಮುಂಚೆ ಇನ್ಸುಲಿನ್, ರಾತ್ರಿ ಬೇರೆ. ಎಲೆ ಹಳದಿಯಾಗಿರುತ್ತೆ, ದಿನಾ ಯುರ್ಗೋರ್ಡನ್ ದ್ವೀಪ ಸುತ್ತೋಣ ಅಂತ ಅವನ ಹಟ. ಇಲ್ಲೇ ವಾಕಿಂಗ್‌ನಲ್ಲಿ ಒಮ್ಮೊಮ್ಮೆ ಕೈ ನಡುಗುತ್ತದೆ. ಅಲ್ಲಿ ಚಳಿಗೆ ಜಾಸ್ತಿ ಆಗುತ್ತದೆಯೇ?

ಡಾಕ್ಟರ್: ಮೇಷ್ಟ್ರೇ, ನನಗೆ ಚಿಂತೆ ಆ ನಡುಕದ್ದೇ. ಮುಂದಿನ ಸಲ ನಡುಗಿದಾಗ ಅಲ್ಲೇ ನಿಂತು ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಲೋ ಶುಗರ್. ಟಿಕೆಟ್ ಆಮೇಲೆ, ಮೊದಲು ನಿಮ್ಮ ಡಾಕ್ಟರ್ ಹತ್ತಿರ ಡೋಸ್ ಸರಿ ಮಾಡಿಸಿಕೊಳ್ಳಿ. ಸ್ಟಾಕ್‌ಹೋಮ್‌ನ ಚಳಿಯಲ್ಲಿ ನೀವು ನಡುಗಿದರೆ ಗೆಳೆಯರು ಇನ್ನೊಂದು ಶಾಲು ಹೊದಿಸುತ್ತಾರೆ, ಅಷ್ಟೇ. ಆ ಚಳಿಯಲ್ಲೂ ಬೆವರು, ಮಾತು ತೊದಲುವುದು, ಕಾರಣವಿಲ್ಲದ ಸಿಟ್ಟು ಕಂಡರೆ ಅದು ಚಳಿಯಲ್ಲ ಅಂತ ಅವರಿಗೆ ಈಗಲೇ ಫೋನ್ ಮಾಡಿ ಹೇಳಿ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಲಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಲಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. 112ಕ್ಕೆ ಫೋನ್ ಮಾಡಲಿ.

ಶುಗರ್ ಮೀಟರ್, ಇನ್ಸುಲಿನ್ ಪೆನ್ನು ಎರಡೂ ಕೋಟಿನ ಒಳಜೇಬಿನಲ್ಲಿರಲಿ. ತಣ್ಣಗಾದ ಮೀಟರ್ ಎರರ್ ತೋರಿಸುತ್ತದೆ. ಇನ್ಸುಲಿನ್ ಕೈಬ್ಯಾಗಿನಲ್ಲೇ ಒಯ್ಯಿರಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಸಬೇಡಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ. ರಾತ್ರಿ ಡೋಸ್ ಎಷ್ಟು ಹೊತ್ತಿಗೆ ಅಂತ ಬರೆಸಿಕೊಂಡೇ ಹೊರಡಿ.

ಹುಬ್ಬಳ್ಳಿ ಕಾಕಾ: ಫಾರ್ವರ್ಡ್ ಬಂದಿದೆ. ರಾತ್ರಿ ಎರಡು ಚಮಚ ಬ್ರಾಂಡಿಗೆ ಕಾಳುಮೆಣಸು. ಚಳಿಗೂ ಸೈ, ಶುಗರ್‌ಗೂ ಸೈ.

ಡಾಕ್ಟರ್: ಕಾಕಾ, ದಯವಿಟ್ಟು ಅಳಿಸಿ. ಮದ್ಯ ಕುಡಿದರೆ ಬೆಚ್ಚಗೆ ಅನಿಸುತ್ತೆ, ಮೈಯ ಶಾಖ ಮಾತ್ರ ಹೊರಗೆ ಹೋಗುತ್ತೆ. ಲಿವರ್ ಸಕ್ಕರೆ ಬಿಡುವುದನ್ನೂ ತಡೆಯುತ್ತೆ. ಇನ್ಸುಲಿನ್ ಹಾಕಿಕೊಂಡು ಮಲಗಿದವರು ಬೆಳಗ್ಗೆ ಏಳದೇ ಇರಬಹುದು.

ಶಿರಸಿ ಅಕ್ಕ: ಡಾಕ್ಟ್ರೇ, ಮಗಳು ಓಸ್ಲೋದಲ್ಲಿದ್ದಾಳೆ. ನನ್ನ ಮಂಡಿನೋವು ಅಲ್ಲಿ ಹೆಚ್ಚುತ್ತಾ?

ಬೆಳಗಾವಿ ಸದಸ್ಯ: ಮೇಷ್ಟ್ರೇ, ಗೆಳೆಯನಿಗೆ ಧಾರವಾಡ ಪೇಡಾ ಒಯ್ಯಿರಿ. ಶುಗರ್ ಇಳಿದರೆ ನಿಮಗೂ ಆದೀತು.

ಮೈಸೂರು ಸದಸ್ಯ: ಹಾಲಿನ ತಿಂಡಿ ಯುರೋಪ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ.

ಬೆಳಗಾವಿ ಸದಸ್ಯ: ನಮ್ಮ ಭಾವ ತಗೊಂಡು ಹೋಗಿದ್ದಾರೆ, ಯಾರೂ ಕೇಳಲಿಲ್ಲ.

ಮೈಸೂರು ಸದಸ್ಯ: ಸಿಕ್ಕಿಬೀಳದಿದ್ದರೆ ಕಾನೂನೇ ಇಲ್ಲ ಅಂತಾನಾ?

ಬೆಳಗಾವಿ ಸದಸ್ಯ: ಪೇಡಾ ರೀ, ಗಾಂಜಾ ಅಲ್ಲ.

ಡಾಕ್ಟರ್: ಲೋ ಶುಗರ್‌ಗೆ ಪೇಡಾ ಬೇಡ. ಕೊಬ್ಬಿದೆ, ಸಕ್ಕರೆ ತಡವಾಗಿ ಏರುತ್ತೆ. ಗ್ಲುಕೋಸ್ ಪುಡಿ ಇಟ್ಟುಕೊಳ್ಳಿ.

ಗದಗ ಸದಸ್ಯೆ: ಇನ್ಸುಲಿನ್ ಚೆಕ್‌ಇನ್ ಬ್ಯಾಗಿನಲ್ಲಿ ಇಡಬಹುದಾ ಸರ್?

ಡಾಕ್ಟರ್: ಮೇಲೆ ಓದಿ.

ಹುಬ್ಬಳ್ಳಿ ಕಾಕಾ: ಬ್ರಾಂಡಿ ಬೇಡ ಅಂದ್ರೆ ಬರೀ ಕಾಳುಮೆಣಸು?

ಶಿರಸಿ ಅಕ್ಕ: ನನ್ನ ಮಂಡಿ ಬಗ್ಗೆ ಯಾರೂ ಹೇಳಲೇ ಇಲ್ಲ.

ಬೆಳಗಾವಿ ಸದಸ್ಯ: ಅಕ್ಕಾ, ಮೈಸೂರಿನವರನ್ನು ಕೇಳಿ. ಅವರಿಗೆ ಎಲ್ಲಾ ಗೊತ್ತು.